ಭರ್ತಿಯಾಗದ ಹಡಗು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ, ಇಷ್ಟು ಜನ ಕುಳಿತು, ಇಷ್ಟು ಜನ ನಿಂತು ಎಂದು ಚಾಲಕನ ತಲೆಯ ಮೇಲೆ ಬರೆದಿರುತ್ತದೆ. ಅದನ್ನು ಬರೆದ ಪೇಂಟರನ ಹೊರತು ಇನ್ನಾರೂ ಅದನ್ನು ಓದಿರಲಿಕ್ಕಿಲ್ಲವೆಂದು ನನ್ನ ನಂಬಿಕೆ. ಸಣ್ಣವನಿದ್ದಾಗಿನಿಂದ ಈ ದಾರಿಯಲ್ಲಿ ಓಡಾಡಿದ್ದೇನೆ. ಬಸ್ಸು ತುಂಬಿತು ಎಂಬ ಮಾತನ್ನು ಒಬ್ಬ ಕಂಡಕ್ಟರನ ಬಾಯಲ್ಲೂ ಕೇಳಿಲ್ಲ. "ಹಿಂದ ಸರೀರಿ, ಹಿಂದ ಅಗದೀ ಮೈದಾನ ಐತಿ" ಎನ್ನುವುದೇ ಅವರ ಮಂತ್ರ. ಹಿಂದೆ ನೋಡಿದರೆ ಒಬ್ಬರ ಕಂಕುಳಲ್ಲಿ ಇನ್ನೊಬ್ಬರ ತಲೆ. ಆದರೂ ಹೇಳಿದವರ ಮಾತಿಗೆ ಬೆಲೆ ಕೊಟ್ಟು ನಾವೆಲ್ಲ ಸರಿಯುತ್ತೇವೆ, ಮತ್ತೆ ನಾಲ್ಕು ಜನ ಹತ್ತುತ್ತಾರೆ.

ಇಂಥ ಬಸ್ಸಿನಲ್ಲಿ ಬೆಳೆದವನಿಗೆ, ಬೇಕೆಂತಲೇ ಜಾಗ ಖಾಲಿ ಬಿಟ್ಟುಕೊಂಡು ಹೊರಡುವ ವಾಹನವೊಂದು ಲೋಕದಲ್ಲಿದೆ ಎಂದು ತಿಳಿದಾಗ ಆದ ವಿಸ್ಮಯವನ್ನು ನೀವೇ ಊಹಿಸಿಕೊಳ್ಳಿ. ಅದು ಗೋವೆಯಿಂದ ಹೊರಡುವ ವಿಹಾರದ ಹಡಗು. ಮಹಾಮಾರಿಯ ಕಾವು ಇಳಿದು ಹಡಗುಗಳು ಮತ್ತೆ ಕಡಲಿಗಿಳಿದ ಹೊಸತು ಅದು. ಹಾಸಿಗೆಗಳಿದ್ದಷ್ಟು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತಿರಲಿಲ್ಲ. ಅಷ್ಟೇ ಅಲ್ಲ, ನಡುಗಡಲಲ್ಲಿ ಯಾರಿಗಾದರೂ ರೋಗ ಕಾಣಿಸಿಕೊಂಡರೆ ಬೇರೆ ಇಡಲು ಒಂದು ಸಾಲು ಕೋಣೆಗಳನ್ನು ಯಾರಿಗೂ ಕೊಡದೆ ಹಾಗೇ ಬಿಟ್ಟಿರಬೇಕಿತ್ತು. ನಮ್ಮ ಕಂಡಕ್ಟರೊಬ್ಬನನ್ನು ಆ ಹಡಗಿಗೆ ಕಳಿಸಿದ್ದರೆ ಬಂದರು ದಾಟುವುದರೊಳಗೆ ಆ ಸಾಲನ್ನೂ ಭರ್ತಿ ಮಾಡಿರುತ್ತಿದ್ದ.

ನನ್ನಂಥವನಿಗೂ ಹಡಗಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ನಾನು ಕಲಿತದ್ದು ಹತ್ತನೆಯ ಇಯತ್ತೆ. ನೀರೆತ್ತುವ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವುದು ನನ್ನ ಕಸುಬು. ನೀರಿನೊಡನೆ ನನಗಿದ್ದ ನಂಟು ಬಾವಿಯ ಆಳದ್ದೇ ಹೊರತು ಕಡಲಿನ ಅಗಲದ್ದಲ್ಲ. ಹಡಗಿನ ಹುಚ್ಚು ನನ್ನ ಹೆಂಡತಿ ಕಸ್ತೂರಿಯದು. ಒಮ್ಮೆ ಗೋವೆಗೆ ಹೋದಾಗ ಬಂದರಿನಲ್ಲಿ ನಿಂತಿದ್ದ ಬಿಳಿಯ ಹಡಗನ್ನು ಕಂಡು, "ಅಯ್ಯ, ನಮ್ಮ ರಾಮತೀರ್ಥ ನಗರಾನ ಯಾರೋ ನೀರಾಗ ತೇಲಿ ಬಿಟ್ಟಂಗ ಐತೆಲ್ಲರೀ" ಎಂದಿದ್ದಳು. ಆ ಬಡಾವಣೆಯಲ್ಲೇ ನಮ್ಮ ಮನೆ. ಸಾಲು ಸಾಲು ಕಿಟಕಿ ಕಂಡರೆ ಅವಳಿಗೆ ಅದೇ ನೆನಪು. ಹಟ ಹಿಡಿದು ಟಿಕೆಟ್ಟು ತೆಗೆಸಿದಳು. ಅಷ್ಟರಲ್ಲಿ ಊರೂರಿಗೆ ಬಾಗಿಲು ಬಿತ್ತು. ಹಡಗು ಮತ್ತೆ ಹೊರಟರೆ ಅದೇ ಟಿಕೆಟ್ಟಿನಲ್ಲಿ ಬರಬಹುದು ಎಂದರು ಕಂಪನಿಯವರು. ಹಡಗು ಹೊರಟಿತು. ಕಸ್ತೂರಿ ಅದಕ್ಕಿಂತ ಮೊದಲೇ ಹೊರಟುಬಿಟ್ಟಿದ್ದಳು. ಅವಳನ್ನು ಒಯ್ದದ್ದು ಆ ರೋಗವಲ್ಲ, ಮೂತ್ರಪಿಂಡದ ಹಳೆಯ ಬೇನೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಬಸವಣ್ಣನವರ ದಾರಿಯವರು, ನಮ್ಮಲ್ಲಿ ಸಾವಿನ ಸೂತಕವಿಲ್ಲ. ಕೊರಳಲ್ಲಿ ಲಿಂಗವಿದ್ದವರಿಗೆ ಮೈಲಿಗೆ ಎಲ್ಲಿಯದು? ಪಕ್ಕದ ಮನೆಯ ಸುಲೋಚನಾಬಾಯಿಯವರು ಮರಾಠರು. ಬಾಗಿಲಲ್ಲೇ ನಿಂತು, "ಭಾವೂ, ಸೂತಕ ಎಂದ ಮುಗೀತೈತ್ರಿ?" ಎಂದು ಕೇಳಿದರು. "ನಮ್ಮಲ್ಲಿ ಸುರುನ ಆಗೂದಿಲ್ರಿ" ಎಂದೆ. "ಛಲೋ ಆತ ಬಿಡ್ರಿ" ಎಂದು ಒಳಗೆ ಬಂದು ಚಹಾ ಕುಡಿದೇ ಹೋದರು. ಆ ಮಾತು ಹೇಳುವಾಗ ನನ್ನ ಎದೆ ಹೆಮ್ಮೆಯಿಂದ ಉಬ್ಬಿದ್ದು ಸುಳ್ಳಲ್ಲ, ಆ ಹೆಮ್ಮೆ ಇಂದಿಗೂ ಇದೆ. ಆದರೆ ಮೈಲಿಗೆ ಇಲ್ಲದ ಮನೆಗೆ ಬರುವವರಿಗೆ ಅಡ್ಡಿ ಏನು? ಬೀಗರು, ನೆಂಟರು, ಅಂಗಡಿಯ ಗಿರಾಕಿಗಳು, ಒಬ್ಬರು ಏಳುವುದರೊಳಗೆ ಮತ್ತೊಬ್ಬರು. ಎಲ್ಲರೂ ಪ್ರೀತಿಯಿಂದಲೇ ಬಂದವರು. ಮನೆ ಖಾನಾಪುರದ ಬಸ್ಸಾಯಿತು. ನಾನು ಎಲ್ಲರಿಗೂ "ಬರ್ರಿ, ಕುಂದರ್ರಿ" ಎನ್ನುವ ಕಂಡಕ್ಟರಾದೆ. ಡ್ಯೂಟಿಯ ಮೇಲಿದ್ದ ಕಂಡಕ್ಟರು ಅಳುವುದುಂಟೆ?

ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಗೆ ಹೋದವಳು ನನ್ನ ಅಕ್ಕ ಗಂಗವ್ವ. ಖಾನಾಪುರದಲ್ಲಿ ಮಗ ಸೊಸೆಯ ಜೊತೆ ಇರುವ ವಿಧವೆ. ನನ್ನನ್ನು ಎತ್ತಿ ಆಡಿಸಿದ ಹಕ್ಕನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ನಾನು ಖಾನಾಪುರಕ್ಕೆ ಹೋಗಿ ಅವಳೊಡನೆ ಇರಬೇಕು, ರಾಮತೀರ್ಥ ನಗರದ ಮನೆ ಬಾಡಿಗೆಗೆ ಕೊಡಬೇಕು ಎಂಬುದು ಅವಳ ತೀರ್ಮಾನ. ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಕೆಲಸವಿದ್ದ ಒಬ್ಬರನ್ನು ಬಾಡಿಗೆಗೂ ಗೊತ್ತುಮಾಡಿದ್ದಳು.

"ನೀ ಒಬ್ಬಾವ ಆ ಮನ್ಯಾಗ ಏನ್ ಮಾಡ್ತಿ? ಆಕೀ ಖೋಲಿ ಬಾಗಲಾ ತಗದ ನೋಡೂದು, ಹಾಕೂದು. ಅಷ್ಟ."

ಅವಳು ಹೇಳಿದ್ದು ಖರೆಯೇ. ನಾನು ಮಾಡುತ್ತಿದ್ದದ್ದು ಅದನ್ನೇ. ಕಸ್ತೂರಿ ಮಲಗುತ್ತಿದ್ದ ಹಿಂದಿನ ಕೋಣೆಯಲ್ಲಿ ಅವಳ ತಿಜೋರಿ, ಅವಳ ಮಂಚ ಇದ್ದಂತೆಯೇ ಇದ್ದವು. ಆ ಮನೆ ಬಿಟ್ಟರೆ ಅವಳನ್ನು ಎರಡನೆಯ ಸಲ ಕಳಿಸಿಕೊಟ್ಟಂತೆ ಎಂದು ನನಗೆ ಗೊತ್ತಿತ್ತು. ಆದರೆ ಅಕ್ಕನ ಎದುರು ಹಾಗೆ ಹೇಳಿದರೆ ಅಳು ಬರುತ್ತಿತ್ತು, ಅದಕ್ಕೇ ಹೇಳಲಿಲ್ಲ.

ಹಡಗಿನವರ ಫೋನು ಬಂದಾಗ ಬೇಡ ಅನ್ನುವವನಿದ್ದೆ. ಅಕ್ಕ ಫೋನು ಕಸಿದುಕೊಂಡು, "ಬರ್ತೀವ್ರಿ" ಎಂದುಬಿಟ್ಟಳು. ಕಸ್ತೂರಿಯ ಹೆಸರಿನ ಜಾಗಕ್ಕೆ ತನ್ನ ಹೆಸರು ಬರೆಸಿದಳು. ಹೋಗಿ ಬರೋಣ, ಬರುವಾಗ ಮನೆಯ ವಿಷಯಕ್ಕೆ ಉತ್ತರ ಹೇಳು ಎಂದು ಕರಾರು ಹಾಕಿದಳು. ಹೆಂಡತಿ ಹೋಗಿ ವರ್ಷ ತುಂಬಿಲ್ಲ, ಈತ ಹಡಗು ಹತ್ತಿದ ಎಂದು ಓಣಿಯಲ್ಲಿ ಮಾತಾಯಿತು. "ಹಡಗ ಹತ್ತಿದಾಂವ ನನ್ನ ತಮ್ಮ, ಹೊಟ್ಟಿ ಉರಿಯೂದು ನಿಮಗ್ಯಾಕ?" ಎಂದು ಅಕ್ಕ ಅದಕ್ಕೂ ಬಾಗಿಲು ಹಾಕಿದಳು.

ಹಡಗು ಬಂದರು ಬಿಟ್ಟ ಸಂಜೆ ನಾವು ಕಟಕಟೆಗೆ ಆತು ನಿಂತಿದ್ದೆವು. ನೀರಿನ ಮೇಲೆ ಬಿಸಿಲು ಹರಡಿತ್ತು. ನಾನು ಅಭ್ಯಾಸಬಲದಿಂದ "ನೋಡಽ ಇಲ್ಲೆ" ಎಂದು ಪಕ್ಕಕ್ಕೆ ತಿರುಗಿದೆ. ಅಲ್ಲಿ ಅಕ್ಕ ತಲೆಗೆ ಸ್ಕಾರ್ಫು ಬಿಗಿದುಕೊಳ್ಳುತ್ತಿದ್ದಳು. ಅಷ್ಟೇ ಸಾಕಾಯಿತು. ಕಣ್ಣು, ಮೂಗು ಎರಡೂ ಸುರಿಯತೊಡಗಿದವು.

"ಏನೋ ಈರ್ಯಾ, ಕಣ್ಣ ಯಾಕ ಕೆಂಪಾಗ್ಯಾವು?"

"ನೆಗಡಿ ಆಗೇತಿ ಅಕ್ಕಾ."

ಗಂಡಸರು ಅಳು ಮುಚ್ಚಿಕೊಳ್ಳಲು ಎಂದಿನಿಂದಲೂ ಬಳಸುತ್ತ ಬಂದ ಮಾತು ಅದು. ಆದರೆ ಅದನ್ನು ಆ ಹೊತ್ತಿನಲ್ಲಿ, ಆ ಹಡಗಿನಲ್ಲಿ ಹೇಳಬಾರದಿತ್ತು. ಅಕ್ಕ ನೆಟ್ಟಗೆ ಹಡಗಿನವರ ಕೌಂಟರಿಗೆ ನಡೆದಳು. ನಮ್ಮ ಖಾನಾಪುರದವರಿಗೆ ಪರವೂರಿನವರನ್ನು ಕಂಡರೆ ತಾನಾಗಿ ಮರಾಠಿ ಬರುತ್ತದೆ. "ಮಾಝ್ಯಾ ಭಾವಾಲಾ ಲಯ್ ಸರ್ದೀ ಝಾಲಿಯಾ" ಎಂದು ಇಡೀ ಅಂತಸ್ತಿಗೆ ಕೇಳುವಂತೆ ಸಾರಿದಳು. ತಮ್ಮನಿಗೆ ಭಾರೀ ನೆಗಡಿ, ಬಿಸಿನೀರು, ಅರಿಶಿನ ಕೊಡಿ ಎಂದು ಅವಳ ಕೋರಿಕೆ. ಬಿಸಿನೀರು ಬೇಗ ಬರಲೆಂದು ಮೈಯೂ ಸುಡುತ್ತಿದೆ ಎಂದು ತನ್ನ ಕಡೆಯಿಂದ ಒಂದಿಷ್ಟು ಸೇರಿಸಿದಳು.

ಬಿಸಿನೀರು ಬರಲಿಲ್ಲ. ಅಡಿಯಿಂದ ಮುಡಿಯವರೆಗೆ ಪ್ಲಾಸ್ಟಿಕ್ ತೊಟ್ಟ ಇಬ್ಬರು ಬಂದರು. ನಮ್ಮ ಸುತ್ತ ನಿಂತಿದ್ದ ಜನ, ಬಸ್ಸಿನಲ್ಲಿ ಎಷ್ಟು ಕೂಗಿದರೂ ಸರಿಯದ ಜನ, ಕ್ಷಣದಲ್ಲಿ ಸರಿದು ಅಗದೀ ಮೈದಾನ ಮಾಡಿದರು. ಇಬ್ಬರ ಮೂಗಿನಲ್ಲೂ ಕಡ್ಡಿ ಆಡಿಸಿದ ಡಾಕ್ಟರರು ವರದಿ ಬೆಳಿಗ್ಗೆ ಬರುವುದೆಂದೂ ಅಲ್ಲಿಯವರೆಗೆ ನಾನು ಒಂದು ಕೋಣೆಯಲ್ಲಿ, ಜೊತೆಗಿದ್ದ ತಪ್ಪಿಗೆ ಅಕ್ಕ ಪಕ್ಕದ ಕೋಣೆಯಲ್ಲಿ ಇರಬೇಕೆಂದೂ ಹೇಳಿದರು. "ನನಗೇನಾಗೇತಿ? ನಾ ಕಲ್ಲಿನಂಗ ಅದೀನಿ!" ಎಂದು ಅಕ್ಕ ಕೂಗಾಡುತ್ತಿರುವಂತೆಯೇ ಅವಳ ಬಾಗಿಲು ಮುಚ್ಚಿತು. ವಿಹಾರಕ್ಕೆ ಬಂದ ನಮಗೆ ಅಂದು ದಕ್ಕಿದ್ದು ಬಾಗಿಲ ಹೊರಗಿಟ್ಟು ಹೋದ ಆಹಾರ ಮಾತ್ರ.

ಅದು ಚೊಕ್ಕವಾದ ಕೋಣೆ. ಮೊದಲು ಸ್ವಲ್ಪ ಹೊತ್ತು ಮಂಚದ ತುದಿಯಲ್ಲಿ ನೆಂಟರ ಮನೆಗೆ ಬಂದವನಂತೆ ಕುಳಿತೆ. ಆಮೇಲೆ, ಇಲ್ಲಿಗೆ ಯಾರೂ ಬರುವುದಿಲ್ಲ ಎಂಬುದು ಮೆಲ್ಲಗೆ ಹೊಳೆಯಿತು. ಬರುವಂತೆಯೇ ಇರಲಿಲ್ಲ. "ಬರ್ರಿ, ಕುಂದರ್ರಿ" ಎನ್ನಬೇಕಾಗಿರಲಿಲ್ಲ, ಚಹಾ ಬೇಕೇ ಎಂದು ಕೇಳಬೇಕಾಗಿರಲಿಲ್ಲ, ಧೈರ್ಯದಿಂದಿದ್ದೇನೆ ಎಂದು ತೋರಿಸಿಕೊಳ್ಳಬೇಕಾಗಿರಲಿಲ್ಲ. ಸೂತಕವನ್ನು ಒಪ್ಪದ ಮನೆಯವನಿಗೆ ಹಡಗಿನವರು ತಾವಾಗಿ ಒಂದು ಸೂತಕ ಕೊಟ್ಟಿದ್ದರು. ಅದರಲ್ಲಿ ಮೈಲಿಗೆ ಇರಲಿಲ್ಲ, ಬಿಡುವು ಮಾತ್ರ ಇತ್ತು. ನಾನು ಅತ್ತೆ. ಬಾಯಿಗೆ ಟವೆಲು ಹಿಡಿಯದೆ, ದನಿ ತೆಗೆದು, ಕಸ್ತೂರಿಯ ಹೆಸರು ಕರೆದು ಅತ್ತೆ. ಯಾರು ಹೇಗೆ ತಿಳಿದುಕೊಂಡರೂ ಸರಿ, ಆ ಸಂಜೆ ನನಗೆ ಆರಾಮವಾಯಿತು ಎಂದೇ ಹೇಳುತ್ತೇನೆ.

ಗೋಡೆಯ ಫೋನು ಹೊಡೆದುಕೊಂಡಿತು. ಅಕ್ಕ.

"ಏನೋ, ಹೆಂಗ ಐತಿ ನೆಗಡಿ?"

"ನೆಗಡಿ ಅಲ್ಲಕ್ಕಾ. ಅತ್ತಿದ್ದೆ."

"ಹುಚ್ಚಪ್ಯಾಲಿ! ಅದನ್ನ ಮದ್ಲ ಹೇಳಬಾರ್ದಾ? ನಿನ್ನ ಸಲುವಾಗಿ ನನ್ನ ಮೂಗಿನ್ಯಾಗೂ ಕಡ್ಡಿ ಹಾಕಿದ್ರಲ್ಲೋ!" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

"ಈಗ ಅಳೂದು ಮುಗೀತೇನು?"

"ಇನ್ನೂ ಐತಿ."

"ಹಂಗಾರ ಅಳು. ನಮ್ಮ ಮನಿಯವರು ಹೋದಾಗ ನನ್ನ ಖೋಲಿ ಆ ವಾರನ ಮಮ್ಮಕ್ಕಳಿಗೆ ಕೊಟ್ಟೆ. ಎಲ್ಲಾರ್ದೂ ಪ್ರೀತಿ ಇತ್ತು, ಜಾಗಾ ಇರಲಿಲ್ಲ. ಬಚ್ಚಲದಾಗ ನಳಾ ಬಿಟಗೊಂಡ ಅಳ್ತಿದ್ದೆ. ಹೊರಗಿಂದ ಸೊಸಿ ಕೇಳಾಕಿ, ಅತ್ತಿ, ನೀರ ಎಷ್ಟ ಸುರೀತೀರಿ ಅಂತ."

ಇಷ್ಟು ವರ್ಷ ಅಕ್ಕನ ಬಾಯಿಂದ ಈ ಮಾತು ನಾನು ಕೇಳಿರಲಿಲ್ಲ. ಕೇಳಿಯೂ ಇರಲಿಲ್ಲ ಎನ್ನಿ; ಅವಳು ಹೇಳಿರಲಿಲ್ಲ, ನಾನು ವಿಚಾರಿಸಿರಲಿಲ್ಲ.

ಅವಳೇ ಮುಂದುವರಿಸಿದಳು: "ಊಟಾ ತಂದಾಕೀನ ಬಾಗಲಾ ಸಂದ್ಯಾಗಿಂದ ಕೇಳಿದೆ. ಈ ಸಾಲ ಖೋಲಿ ಎಲ್ಲಾ ಖಾಲಿ ಅದಾವಂತ. ಇಷ್ಟ ಜಾಗಾ ಖಾಲಿ ಹೊತಗೊಂಡ ತಿರಗತೀರಲ್ಲ, ನಿಮಗ ಲುಕ್ಸಾನ ಅಲ್ಲೇನ ಅಂದೆ. ಖಾಲಿ ಅಲ್ಲರೀ, ಯಾರಿಗೆ ಯಾವಾಗ ಬೇಕಾಗತೈತೋ ಅಂತ ತಗದ ಇಟ್ಟೇವಿ ಅಂದ್ಲು. ಮೀಸಲ ಇಟ್ಟಾರ, ಈರ್ಯಾ."

ಮೀಸಲು! ಹಬ್ಬದ ಅಡಿಗೆಯಲ್ಲಿ ಯಾರೂ ಮುಟ್ಟುವ ಮೊದಲೇ ದೇವರ ಪಾಲು ತೆಗೆದಿಡುವುದಕ್ಕೆ ನಮ್ಮ ಮನೆಗಳಲ್ಲಿ ಹೇಳುವ ಮಾತು. ಅದನ್ನು ಅಕ್ಕ ಒಂದು ಹಡಗಿನ ಕೋಣೆಗೆ ಹೇಳಿದಳು. ನನ್ನ ಮನೆಯ ಹಿಂದಿನ ಕೋಣೆಯನ್ನು ಖಾಲಿ ಎಂದು ನಾನೇ ಒಪ್ಪಿಕೊಂಡಿದ್ದೆನಲ್ಲ, ತಪ್ಪಾದದ್ದು ಅಲ್ಲಿ ಎಂದು ನನಗನ್ನಿಸಿತು. ಖಾಲಿ ಎಂದೊಡನೆ ತುಂಬುವವರು ಹುಟ್ಟಿಕೊಳ್ಳುತ್ತಾರೆ. ಮೀಸಲು ಎಂದರೆ ಯಾರೂ ಕೈ ಹಾಕುವುದಿಲ್ಲ.

ಬೆಳಿಗ್ಗೆ ವರದಿ ಬಂದಿತು, ರೋಗವಿರಲಿಲ್ಲ. ಉಳಿದ ಪ್ರವಾಸದಲ್ಲಿ ಜನ ನಮ್ಮಿಂದ ದೂರವೇ ಕುಳಿತರು. ಕಿಟಕಿಯ ಪಕ್ಕದ ಜಾಗಗಳೆಲ್ಲ ನಮ್ಮವೇ ಆದವು. ಅಕ್ಕ ಮನೆಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಆದರೆ ಹೇಳಬೇಕಾದದ್ದು ನನ್ನಲ್ಲಿ ಗಟ್ಟಿಯಾಗಿತ್ತು.

ಗೋವೆಯಿಂದ ಬಾಡಿಗೆಯ ಕಾರು. ಅನಮೋಡ ಘಾಟು ಹತ್ತಿ, ಲೋಂಡಾ ಹಾಯ್ದು ಬಂದರೆ ಖಾನಾಪುರ ಮೊದಲು, ಬೆಳಗಾವಿ ಆಮೇಲೆ. ಅಕ್ಕನ ಮನೆಯ ಮುಂದೆ ಕಾರು ನಿಂತಿತು. ಅವಳ ಮಗ ನನ್ನ ಚೀಲಕ್ಕೂ ಕೈ ಹಾಕಿದ.

"ಅಕ್ಕಾ, ನಾ ಮುಂದ ಹೊಕ್ಕೀನಿ. ನನ್ನ ಮನೀಗೆ" ಎಂದೆ. ಈ ಸಲ ಅಳು ಬರಲಿಲ್ಲ.

ಅಕ್ಕ ಮಗನ ಕೈಯಿಂದ ಚೀಲ ತೆಗೆದುಕೊಂಡು ನನ್ನ ಪಕ್ಕದ ಸೀಟಿನ ಮೇಲೆ ಮರಳಿ ಇಟ್ಟಳು. ಸಾಂಬ್ರಾದವರಿಗೆ ಮನೆ ಇಲ್ಲವೆಂದು ತಾನೇ ಹೇಳುವುದಾಗಿ ಅಂದಳು. ಬಾಗಿಲು ಹಾಕಿದವಳು ಮತ್ತೆ ತೆಗೆದು, ಮಗನಿಗೆ ಕೇಳಿಸದಂತೆ ಬಾಗಿದಳು.

"ಆ ಹಿಂದಿನ ಖೋಲಿ ಸ್ವಚ್ಛ ಇಡು. ದೀಪಾವಳಿ ಮುಗಿದ ಮ್ಯಾಗ ನಾಕ ದಿನಾ ಬರ್ತೀನಿ. ನಂದೂ ಒಂದೀಟ ಅಳೂದ ಬಾಕಿ ಐತಿ."