ಆಟಿಯಲ್ಲಿ ಬಾಲ್ದಿ ಕವುಚಿಡುವ ಪಂಕಜಕ್ಕ

ಬೆಳಗಿನ ಐದು ಮುಕ್ಕಾಲು. ಪುತ್ತೂರಿನ ಪೇಟೆಯಲ್ಲಿ ಮಳೆ ಬಿಟ್ಟಿಲ್ಲ, ಬಿಡುವ ಅಂದಾಜೂ ಕಾಣುತ್ತಿಲ್ಲ. ಹಾಲಿನ ವ್ಯಾನು ಆಗಲೇ ಬಂದು ಹೋಗಿದೆ. 'ವಸುಮತಿ ಸಿಲ್ಕ್ಸ್' ಎಂಬ ಎರಡು ಮಾಳಿಗೆಯ ಬಟ್ಟೆ ಅಂಗಡಿಯ ಶಟರನ್ನು ಐವತ್ತಮೂರರ ಹೆಂಗಸೊಬ್ಬರು ಸೊಂಟದ ಮಟ್ಟಕ್ಕೆ ಎತ್ತಿ, ಬಗ್ಗಿ ಒಳಗೆ ನುಗ್ಗುತ್ತಾರೆ. ಕೊಡೆ ಹೊರಗೆ, ಚಪ್ಪಲಿಯೂ ಹೊರಗೆ. ಒಳಗೆ ಹೋದವರು ಮೊದಲು ಫ್ಯಾನುಗಳನ್ನೆಲ್ಲ ಹಾಕುತ್ತಾರೆ. ಆಮೇಲೆ ಮೆಟ್ಟಿಲಿನ ಅಡಿಗೆ ಹೋಗಿ, ಬಾಲ್ದಿ ಕವುಚಿಯೇ ಇದೆಯೋ ಎಂದು ನೋಡುತ್ತಾರೆ.

ನೆಲ ಶುಚಿ ಮಾಡುವವರು ಬಾಲ್ದಿಯನ್ನು ಕವುಚಿಟ್ಟು ಕೆಲಸ ಶುರು ಮಾಡುವುದನ್ನು ನೀವೆಲ್ಲಾದರೂ ಕಂಡಿದ್ದೀರಾ? ಪುತ್ತೂರಿನಲ್ಲಿ ಕಾಣಬಹುದು, ಅದೂ ಆಟಿಯಲ್ಲಿ ಮಾತ್ರ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ತುಳುವರ ಲೆಕ್ಕದ ಆಟಿ ತಿಂಗಳು ಮುಗಿಯುವ ತನಕ, ಪಂಕಜಾಕ್ಷಿ ತಾನು ನೋಡಿಕೊಳ್ಳುವ ಯಾವ ಅಂಗಡಿಯ ನೆಲಕ್ಕೂ ಒಂದು ತೊಟ್ಟು ನೀರು ಹಾಕುವುದಿಲ್ಲ. ಅಂಥ ಅಂಗಡಿಗಳು ಒಂಬತ್ತು. ಚಪ್ಪಲಿಯದು, ಪಾತ್ರೆಯದು, ಪುಸ್ತಕದ್ದು, ಎರಡು ಔಷಧಿಯವು, ಮೊಬೈಲಿನವು ಮೂರು, ಎಲ್ಲಕ್ಕಿಂತ ದೊಡ್ಡದು ಈ ವಸುಮತಿ ಸಿಲ್ಕ್ಸ್. ಅವರ ಮನೆಯ ಅರ್ಧ ಅನ್ನ ಇದೊಂದೇ ಅಂಗಡಿಯಿಂದ ಬರುತ್ತದೆ. ಆ ಅರ್ಧ ಅನ್ನ ಈ ವರ್ಷ ತೂಗುಯ್ಯಾಲೆಯಲ್ಲಿದೆ. ಆಟಿ ಕಳೆದು ಬರುವ ಸೋಣ ತಿಂಗಳ ಸಂಕ್ರಮಣದ ಮರುದಿನ ಮದುವೆ ಸೀರೆಗಳ ಕಪಾಟು ತೆರೆಯುವಾಗ ಒಂದೇ ಒಂದು ಸೀರೆಗೆ ಬೂಸ್ಟು ಹಿಡಿದದ್ದು ಕಂಡರೂ ಪಂಕಜಕ್ಕ ಇಲ್ಲಿಂದ ಹೊರಗೆ. ಹಾಗಂತ ಅವರೇ ಮಾತು ಕೊಟ್ಟಿದ್ದಾರೆ.

ಮಾತು ಕೊಟ್ಟವರ ಮುಖದಲ್ಲಿ ಚಿಂತೆ ಇರಬೇಕಲ್ಲ? ಹುಡುಕಿದರೂ ಸಿಗುವುದಿಲ್ಲ. ಒಂದು ಡಬ್ಬದಿಂದ ಒಣಗಿದ ಮರದ ಹುಡಿಯನ್ನು ಹಿಡಿ ಹಿಡಿಯಾಗಿ ತೆಗೆದು, ನಿನ್ನೆ ಸಂಜೆಯ ಗಿರಾಕಿಗಳು ಬಿಟ್ಟುಹೋದ ಕೆಂಪು ಹೆಜ್ಜೆಗಳ ಮೇಲೆ ಉದುರಿಸುತ್ತಾ ಹೋಗುತ್ತಾರೆ. ಹುಡಿ ನೀರು ಕುಡಿಯಲು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಮಾಳಿಗೆಗೆ ಹೋಗುವ ಇಪ್ಪತ್ತೆಂಟು ಮೆಟ್ಟಿಲುಗಳ ಅಂಚಿಗೆ ಕಚ್ಚಿಕೊಂಡ ಮಣ್ಣನ್ನು ತೆಂಗಿನ ಗೆರಟೆಯ ತುಂಡಿನಿಂದ ಕೆರೆದು ಮುಗಿಸುತ್ತಾರೆ. ಆಮೇಲೆ ಹಿಡಿಸೂಡಿಯಲ್ಲಿ ಗುಡಿಸುವುದು, ಕೊನೆಗೆ ಒಣ ಬಟ್ಟೆ. ನೆಲ ಹೊಳೆಯುವುದಿಲ್ಲ, ಆದರೆ ಬರಿಗಾಲಲ್ಲಿ ನಡೆದರೆ ಅಂಗಾಲಿಗೆ ಏನೂ ಅಂಟುವುದಿಲ್ಲ.

"ಹೊಳೆಯುದು ಬೇರೆ, ಕ್ಲೀನ್ ಇರುದು ಬೇರೆ ಮಾರಾಯ್ರೆ" ಎನ್ನುತ್ತಾರೆ ಹುಡಿ ಗುಡಿಸುತ್ತಾ. "ನೀರು ಹಾಕಿದ್ರೆ ಯಾವ ನೆಲವೂ ಹೊಳೀತದೆ. ಆ ನೀರು ಮತ್ತೆ ಎಲ್ಲಿಗೆ ಹೋಗ್ತದೆ? ಹೊರಗೆ ಮಳೆ, ಒಳಗೆ ಬಿಸಿಲಿಲ್ಲ. ಅದು ಹೋಗಿ ಬಟ್ಟೆಯಲ್ಲಿ ಕೂತ್ಕೊಳ್ತದೆ."

ಪಂಕಜಾಕ್ಷಿಯ ತವರು ಸುಳ್ಯ ತಾಲೂಕಿನ ಮರ್ಕಂಜ. ಆಸ್ತಿ, ಹೆಸರು ಎರಡೂ ಇದ್ದ ಮನೆತನ. ಮದುವೆಯಾದದ್ದು ಸುಳ್ಯ–ಪುತ್ತೂರು ಬಸ್ಸಿನ ಕಂಡಕ್ಟರ್ ದೇವದಾಸರನ್ನು. ಸಕ್ಕರೆ ಕಾಯಿಲೆ ದೇವದಾಸರ ಎಡಗಾಲಿನ ಪಾದವನ್ನು ತೆಗೆದುಕೊಂಡು ಹೋದಾಗ ಪಂಕಜಾಕ್ಷಿಗೆ ಮೂವತ್ತನಾಲ್ಕು. ಬಸ್ಸು ಹತ್ತಿ ಇಳಿಯುವ ಕೆಲಸ ಅಲ್ಲಿಗೆ ಮುಗಿಯಿತು. ಬೊಳುವಾರಿನ ಬಾಡಿಗೆ ಮನೆಯಲ್ಲಿ ಗಂಡ ಮಂಚದ ಮೇಲೆ ಕುಳಿತಿದ್ದಾಗ ಹೆಂಡತಿ ಪೇಟೆಗೆ ಹೋಗಿ ಹಿಡಿಸೂಡಿ ಹಿಡಿದರು. ಸುದ್ದಿ ಮರ್ಕಂಜಕ್ಕೆ ತಲುಪಲು ಎರಡು ದಿನವೂ ಬೇಕಾಗಲಿಲ್ಲ. ನಮ್ಮ ಮನೆಯ ಹೆಣ್ಣು ಕಂಡವರ ಅಂಗಡಿ ಗುಡಿಸುವುದೇ ಎಂದು ನೆಂಟರೆಲ್ಲ ಮೂಗು ಮುರಿದರು. ಕೆಲಸದ ವಿಷಯ ಊರಲ್ಲಿ ಎತ್ತಬೇಡ ಎಂದು ಅಣ್ಣ ಹೇಳಿ ಕಳಿಸಿದರು.

"ನಾನು ಸುಮ್ಮನಿರ್ತೇನಾ?" ಎಂದು ಪಂಕಜಕ್ಕ ನಗುತ್ತಾರೆ. "ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ದೂರದ ಸಂಬಂಧದವರೊಬ್ರು, ಈಗ ಪುತ್ತೂರಲ್ಲಿ ಎಂತ ಮಾಡುದು ಅಂತ ಕೇಳಿದ್ರು. ಒಂಬತ್ತು ಅಂಗಡಿ ಉಂಟು ಅಂದೆ. ಅವರು ಎದ್ದು ನನಗೆ ಕುರ್ಚಿ ಬಿಟ್ಟುಕೊಟ್ರು! ಸುಳ್ಳು ಹೇಳಿದ್ದಲ್ಲ ಅಲ್ವಾ? ಬೆಳಿಗ್ಗೆ ಒಂಬತ್ತೂವರೆಯವರೆಗೆ ಎಲ್ಲ ನಂದೇ."

ಆ ಒಂಬತ್ತೂವರೆಯೊಳಗೆ ಅವರು ಮಾಡುವ ಕೆಲಸ ಕಂಡರೆ ನಮ್ಮಂಥವರಿಗೆ ನೋಡುತ್ತಲೇ ಸೊಂಟ ನೋಯುತ್ತದೆ. ಏಳುವುದು ನಾಲ್ಕೂವರೆಗೆ. ಎತ್ತಿ ಇಳಿಸುವ ಶಟರುಗಳು ಹದಿನಾಲ್ಕು. ಬೇಸಿಗೆಯಲ್ಲಿ ಹೊರುವ ನೀರು ಇಪ್ಪತ್ತೆರಡು ಬಾಲ್ದಿ. ಹತ್ತೊಂಬತ್ತು ವರ್ಷಗಳಲ್ಲಿ ರಜೆ ಮಾಡಿದ್ದು, ಗಂಡನ ಆಸ್ಪತ್ರೆಯ ದಿನಗಳನ್ನು ಬಿಟ್ಟರೆ, ಬೆರಳೆಣಿಕೆಯಷ್ಟು ಸಲ.

ಕೆಲಸ ಒಂದೇ ಆದರೂ ಕಸ ಒಂದೇ ಅಲ್ಲ. ಮಾರ್ಚಿನಿಂದ ಮೇ ತನಕ ರಸ್ತೆಯ ಕೆಂಪು ಧೂಳು ಗಾಜಿನ ಕಪಾಟಿನ ಸಂದಿಗೂ ನುಗ್ಗುತ್ತದೆ. ಆಗ ಒಣ ಬಟ್ಟೆ ಹಿಡಿದರೆ ಧೂಳು ಒಂದು ಕಡೆಯಿಂದ ಎದ್ದು ಇನ್ನೊಂದು ಕಡೆ ಕೂರುತ್ತದೆ, ಒದ್ದೆ ಬಟ್ಟೆಯೇ ಬೇಕು. ಮೊದಲ ಮಳೆಯ ಮರುದಿನ ಪೇಟೆಯ ಪ್ರತಿ ದೀಪದ ಕೆಳಗೂ ರೆಕ್ಕೆ ಗೆದ್ದಲುಗಳು ಉದುರಿಸಿದ ರೆಕ್ಕೆಗಳ ರಾಶಿ. ಗುಡಿಸ ಹೋದರೆ ಹಾರಿ ಮೈಮೇಲೆ ಬರುತ್ತವೆ, ಅದಕ್ಕೂ ನೀರು ಚಿಮುಕಿಸಬೇಕು. ದೀಪಾವಳಿಗೆ ಪಟಾಕಿಯ ಕಾಗದ, ಡಿಸೆಂಬರಿನಲ್ಲಿ ಮಂಜಿಗೆ ಮಬ್ಬಾದ ಗಾಜು. ಪಂಕಜಕ್ಕನ ಕೈ ಇದನ್ನೆಲ್ಲ ಯಾರೂ ಹೇಳದೆ ಬದಲಾಯಿಸಿಕೊಳ್ಳುತ್ತದೆ. ಆದರೆ ಆಟಿಯ ಪಾಠ ಮಾತ್ರ ಸುಲಭಕ್ಕೆ ಬಂದದ್ದಲ್ಲ.

ಅದು ಅವರ ಮೊದಲ ಮಳೆಗಾಲ. ಆಗ ಇದ್ದದ್ದು ಒಂದೇ ಅಂಗಡಿ, ಪೋಕರ್ ಬ್ಯಾರಿಯವರ ಚಪ್ಪಲಿ ಅಂಗಡಿ. ಮಗಳು ಝುಲೈಖಾಳ ಮದುವೆಗೆಂದು ಬ್ಯಾರಿಯವರು ನಾಲ್ಕು ದಿನ ಬಾಗಿಲು ಹಾಕುವವರಿದ್ದರು. ಹೊಸ ಕೆಲಸ, ಒಳ್ಳೆಯವಳೆನ್ನಿಸಿಕೊಳ್ಳುವ ಹುರುಪು. ಧಣಿ ಬರುವಾಗ ಅಂಗಡಿ ಫಳಫಳ ಅನ್ನಬೇಕೆಂದು ಪಂಕಜಾಕ್ಷಿ ಆರು ಬಾಲ್ದಿ ನೀರು ಸುರಿದು ತಿಕ್ಕಿ ತೊಳೆದು ಶಟರು ಎಳೆದರು. ಐದನೆಯ ದಿನ ಶಟರು ಎತ್ತಿದರೆ ಗೋಡೆಯುದ್ದಕ್ಕೂ ಇದ್ದ ತೊಗಲಿನ ಚಪ್ಪಲಿ, ಶೂಗಳಿಗೆಲ್ಲ ಬಿಳಿ ಬೂಸ್ಟು. ನೂರ ಅರವತ್ತು ಜೊತೆ! ಪಂಕಜಾಕ್ಷಿ ಅಲ್ಲೇ ಕುಸಿದು ಕೂತರು. ಹೊಸದಾಗಿ ಸಿಕ್ಕಿದ ಹೊಟ್ಟೆಪಾಡನ್ನು ತನ್ನ ಕೈಯಾರೆ ತೊಳೆದುಬಿಟ್ಟೆನಲ್ಲ ಎಂದು ಅತ್ತರು.

ಪೋಕರ್ ಬ್ಯಾರಿಯವರಿಗೆ ಈಗ ಎಪ್ಪತ್ತು ದಾಟಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಆ ದಿನವನ್ನು ನೆನೆದರೆ ಅವರಿಗೆ ಇಂದಿಗೂ ನಗು. "ಬಿಟ್ಟುಬಿಡಿ ಅವಳನ್ನು ಅಂತ ಎಲ್ಲರೂ ಹೇಳಿದ್ರು. ನಾನು ಹೇಳಿದೆ, ನಷ್ಟ ಆದದ್ದು ನನಗೆ, ಪಾಠ ಕಲಿತದ್ದು ಅವಳು. ಈಗ ಅವಳನ್ನು ಬಿಟ್ರೆ ಆ ಪಾಠ ಬೇರೆಯವನ ಅಂಗಡಿಗೆ ಹೋಗ್ತದಲ್ಲ! ಅದನ್ನು ಯಾಕೆ ಬಿಡುದು?" ಎರಡು ದಿನ ಕುಳಿತು ಪಂಕಜಾಕ್ಷಿ ನೂರ ಅರವತ್ತು ಜೊತೆಯನ್ನೂ ಒರೆಸಿ, ಎಣ್ಣೆ ಸವರಿ ನೇರ್ಪು ಮಾಡಿದರು. ಮುಂದಿನ ಮೇ ತಿಂಗಳಿನಲ್ಲಿ ಮರದ ಮಿಲ್ಲಿನಿಂದ ಹುಡಿ ತಂದು ಬಿಸಿಲಿಗೆ ಒಣಗಿಸಿ ಡಬ್ಬಕ್ಕೆ ತುಂಬಿದರು. ಆ ಅಭ್ಯಾಸ ಈಗಲೂ ತಪ್ಪಿಲ್ಲ. ಹುಡಿ ಒಣಗಿಸುವುದು, ತೆಂಗಿನ ಕಡ್ಡಿ ಸವರಿ ಹಿಡಿಸೂಡಿ ಕಟ್ಟುವುದು ಈಗ ದೇವದಾಸರ ಇಲಾಖೆ. "ಪುತ್ತೂರು ಪೇಟೆ ಪೂರ್ತಿ ಗುಡಿಸ್ತಾಳೆ. ನಮ್ಮ ಮನೆ ಗುಡಿಸ್ಲಿಕ್ಕೆ ಮಾತ್ರ ನಾನೇ ಆಗ್ಬೇಕು" ಎಂದು ಅವರು ದೂರುತ್ತಾರೆ. ದೂರಿನಲ್ಲಿ ಹೆಮ್ಮೆಯೇ ಹೆಚ್ಚು.

ಹೀಗಿರುವಾಗ ಈ ಜೂನ್‌ನಲ್ಲಿ ವಸುಮತಿ ಸಿಲ್ಕ್ಸಿನ ಗೋಡೆಗೆ ಒಂದು ಪಟ್ಟಿ ಬಂತು. ಅಂಗಡಿಯ ಯಜಮಾನ ಸುದರ್ಶನರು ಮೇಲ್ವಿಚಾರಣೆಯನ್ನು ಮಗಳು ಅನಘಾಳಿಗೆ ವಹಿಸಿದ್ದರು. ಅನಘಾ ಚುರುಕಿನ ಹುಡುಗಿ, ಯಾವುದನ್ನೂ ಬಾಯಿಮಾತಿಗೆ ಬಿಡುವವಳಲ್ಲ. ದಿನಕ್ಕೆರಡು ಸಲ ನೀರಿನಲ್ಲಿ ಒರೆಸಬೇಕು, ಫಿನಾಯಿಲ್ ಹಾಕಬೇಕು, ಮರದ ಹುಡಿ ಕೂಡದು ಎಂದು ಪಟ್ಟಿಯಲ್ಲಿ ಅಚ್ಚಾಗಿತ್ತು.

"ಗಿರಾಕಿಗಳು ಒಳಗೆ ಬಂದ ಕೂಡ್ಲೇ ಪರಿಮಳ ಬರ್ಬೇಕು, ಪಂಕಜಕ್ಕ. ಮರದ ಹುಡಿ ಎಲ್ಲ ಹಳೇ ಕಾಲದ್ದು."

"ಜೂನಲ್ಲಿ ಹಾಕ್ತೇನೆ ಅಕ್ಕಾ. ಆಟಿಯಲ್ಲಿ ಆಗ್ಲಿಕ್ಕಿಲ್ಲ."

"ಆಗ್ಲಿಕ್ಕಿಲ್ಲ ಅಂದ್ರೆ ಬೇರೆಯವರನ್ನು ನೋಡ್ಬೇಕಾಗ್ತದೆ."

ಸುದರ್ಶನರು ಪತ್ರಿಕೆಯಿಂದ ತಲೆ ಎತ್ತಲಿಲ್ಲ. ಮಗಳಿಗೆ ಜವಾಬ್ದಾರಿ ಕೊಟ್ಟ ಮೇಲೆ ನಡುವೆ ಬಾಯಿ ಹಾಕಬಾರದೆಂಬ ಶಿಸ್ತು ಅವರದು. ಮನೆಗೆ ಬಂದರೆ ದೇವದಾಸರೂ, "ಅವರ ಅಂಗಡಿ, ಅವರ ನೆಲ. ಹಾಕು ಅಂದ್ರೆ ಹಾಕು" ಎಂದರು. ಪಂಕಜಕ್ಕನಿಗೆ ಅದು ಒಪ್ಪಿಗೆಯಾಗಲಿಲ್ಲ. ನೀರು ಹಾಕುವುದು ತಾನು, ನಾಳೆ ಸೀರೆಗೆ ಬೂಸ್ಟು ಬಂದರೆ ಮಾತು ಕೇಳುವುದೂ ತಾನೇ. ಆಟಿಯಲ್ಲಿ ಮದುವೆಗಳಿಲ್ಲ ನಿಜ, ಆದರೆ ಸೋಣದ ಮದುವೆ ಜವುಳಿಗೆ ಬೇಕಾದ ರೇಷ್ಮೆ ಸೀರೆಗಳು ಬಂದು ಕಪಾಟು ತುಂಬುವುದು ಆಟಿಯಲ್ಲೇ.

ಆಟಿಯ ಮೊದಲ ದಿನ ಅವರು ಕೆಲಸಕ್ಕೆ ಬಂದದ್ದು ಕರಿದ ಹಲಸಿನ ಹಪ್ಪಳ ಇದ್ದ ಡಬ್ಬದೊಂದಿಗೆ. ಮಳೆಗಾಲದಲ್ಲಿ ಹಪ್ಪಳ ತಿಂದವರಿಗೆಲ್ಲ ಗೊತ್ತು, ಅದಕ್ಕಿಂತ ಬೇಗ ಗಾಳಿಯ ತೇವ ಹಿಡಿಯುವ ವಸ್ತು ಇನ್ನೊಂದಿಲ್ಲ. ಕೆಳಗಿನ ನೆಲವನ್ನು ಪಟ್ಟಿಯಲ್ಲಿದ್ದಂತೆ ನೀರು, ಫಿನಾಯಿಲ್ ಹಾಕಿ ಒರೆಸಿದರು. ಮಾಳಿಗೆಯನ್ನು ತನ್ನ ಕ್ರಮದಲ್ಲಿ ಹುಡಿ ಹಾಕಿ ಗುಡಿಸಿದರು. ಎರಡೂ ಕಡೆಯ ಖಾಲಿ ಕಪಾಟಿನಲ್ಲಿ ಒಂದೊಂದು ಹಪ್ಪಳ ಇಟ್ಟು ಬಾಗಿಲು ಮುಚ್ಚಿದರು. ಹನ್ನೊಂದು ಗಂಟೆಗೆ ಅನಘಾಳ ಕೈಯಲ್ಲೇ ತೆಗೆಸಿದರು. ಕೆಳಗಿನದು ಕರವಸ್ತ್ರದ ಹಾಗೆ ಮಡಚಿತು. ಮೇಲಿನದು ಚಟ್ಟೆಂದು ಮುರಿಯಿತು.

ಅನಘಾ ಅಷ್ಟಕ್ಕೇ ಸೋಲುವವಳಲ್ಲ. "ಮಾಳಿಗೆ ಹೇಗೂ ಬೆಚ್ಚಗಿರ್ತದೆ. ನಾಳೆ ಅದಲು ಬದಲು ಮಾಡುವ" ಎಂದಳು. ಸರಿಯಾದ ಮಾತೇ. ಮರುದಿನ ಮೇಲೆ ನೀರು, ಕೆಳಗೆ ಹುಡಿ. ಈ ಸಲ ಮೇಲಿನದು ಮಡಚಿತು, ಕೆಳಗಿನದು ಮುರಿಯಿತು. ಸುದರ್ಶನರು ಪತ್ರಿಕೆ ಮಡಚಿಟ್ಟು, ಉಳಿದ ಹಪ್ಪಳವನ್ನು ಚಹಾದೊಂದಿಗೆ ಎಲ್ಲರಿಗೂ ಹಂಚಿದರು. ಅನಘಾ ಪಟ್ಟಿಯಲ್ಲಿ ನೀರಿನ ಸಾಲನ್ನು ಹೊಡೆದುಹಾಕಿ, 'ಆಟಿಯಲ್ಲಿ ಪಂಕಜಕ್ಕ ಹೇಳಿದ ಹಾಗೆ' ಎಂದು ಪೆನ್ನಿನಲ್ಲಿ ಬರೆದಳು. ಬರೆದು, ಒಂದು ಮಾತು ಕೇಳಿದಳು: "ಹಪ್ಪಳ ಸರಿ. ಸೀರೆಗೆ ಬೂಸ್ಟು ಬಂದ್ರೆ?"

"ಒಂದಕ್ಕೆ ಬಂದ್ರೂ ನಾನು ಮತ್ತೆ ಬರುದಿಲ್ಲ" ಎಂದರು ಪಂಕಜಕ್ಕ. ಆ ಮಾತು ಬೇಕಿತ್ತೇ ಎಂದು ದೇವದಾಸರು ಅಂದಿನಿಂದ ದಿನಕ್ಕೊಮ್ಮೆಯಾದರೂ ಕೇಳಿದ್ದಾರೆ.

ಸೋಣ ಸಂಕ್ರಮಣದ ಮರುದಿನ ಪಂಕಜಕ್ಕ ಒಂಬತ್ತೂವರೆ ಕಳೆದರೂ ಮನೆಗೆ ಹೋಗುವುದಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮೆಟ್ಟಿಲಿನ ಪಕ್ಕ ನಿಂತಿರುತ್ತಾರೆ. ಅನಘಾ ಮತ್ತು ಕೆಲಸದ ಹುಡುಗಿಯರು ಕಪಾಟು ತೆರೆದು ಸೀರೆಗಳನ್ನು ಒಂದೊಂದಾಗಿ ಬಿಡಿಸಿ, ಮಡಿಕೆಯ ಗೆರೆ, ಜರಿಯ ಅಂಚು, ಒಳ ಸೆರಗು ಎಲ್ಲ ನೋಡಿ ಇಡುತ್ತಾರೆ. ನೂರಾಯಿತು, ಇನ್ನೂರಾಯಿತು. ಒಂದು ಕಡುಹಸಿರು ಸೀರೆಯ ಮೇಲೆ ಬಿಳಿ ಚುಕ್ಕೆ ಕಂಡು ಅನಘಾ ನಿಲ್ಲುತ್ತಾಳೆ. ಪಂಕಜಕ್ಕ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಅನಘಾ ಉಗುರಿನಲ್ಲಿ ಕೆರೆದು ನೋಡಿದರೆ, ಬೆಲೆಚೀಟಿಯಿಂದ ಬಿಟ್ಟ ಅಂಟಿನ ಚೂರು. ಒಟ್ಟು ಮುನ್ನೂರ ಹನ್ನೆರಡು ಸೀರೆ, ಬೂಸ್ಟು ಹಿಡಿದದ್ದು ಒಂದೂ ಇಲ್ಲ. ಅನಘಾ ಬಂದು ಪಂಕಜಕ್ಕನ ಎರಡೂ ಕೈ ಹಿಡಿದುಕೊಳ್ಳುತ್ತಾಳೆ. ಸಂತೋಷಕ್ಕೆ ಇಬ್ಬರ ಕಣ್ಣೂ ಒದ್ದೆ.

ಅಷ್ಟರಲ್ಲಿ ಹೊರಗೆ ಎರಡು ಜೀಪು ನಿಲ್ಲುತ್ತವೆ. ಆಲಂಕಾರಿನಿಂದ ಬಂದ ಮದುವೆ ಜವುಳಿಯವರು, ಮಕ್ಕಳು ಮರಿ ಸೇರಿ ಇಪ್ಪತ್ತು ಜನ. ಬಾಗಿಲಲ್ಲಿ ಕಾಲೊರೆಸಲು ಹಾಸಿದ ಗೋಣಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದೆ, ಒದ್ದೆ ಕೊಡೆ, ಕೆಸರು ಕಾಲಿನಲ್ಲೇ ಸಾಲಾಗಿ ಒಳಗೆ ನುಗ್ಗುತ್ತಾರೆ. ಬೆಳಗ್ಗಿನ ಕೆಲಸವೆಲ್ಲ ಎರಡು ನಿಮಿಷದಲ್ಲಿ ಕೆಂಪು ಕೆಂಪು.

"ಅಯ್ಯೋ ಪಂಕಜಕ್ಕಾ, ನಿಮ್ಮ ನೆಲ!" ಎನ್ನುತ್ತಾಳೆ ಅನಘಾ.

ಪಂಕಜಕ್ಕ ಕೊಡೆ ಬಿಡಿಸುತ್ತಾ, ಆ ಹೆಜ್ಜೆಗಳ ಮೇಲೆ ಒಮ್ಮೆ ಕಣ್ಣಾಡಿಸಿ ನಗುತ್ತಾರೆ.

"ತುಳಿಲಿ ಬಿಡಿ ಅಕ್ಕಾ, ಜನ ಬರ್ಲಿ ಅಂತಲೇ ಅಲ್ವಾ ಗುಡಿಸುದು? ನಾಳೆ ಬೆಳಿಗ್ಗೆ ನಾನುಂಟಲ್ಲ."