ಮಾಸು ಕೊಟ್ಟವರು ಯಾರು

ಯಾವ ಊರಿನ ಶಾಲೆ ಅಂತ ಮಾತ್ರ ಕೇಳಬೇಡಿ, ಹೇಳುವುದಿಲ್ಲ. ಹೆರಿಗೆ ಮಾಡಿಸುವ ನರ್ಸುಗಳನ್ನು ತಯಾರು ಮಾಡುತ್ತಿದ್ದ ಶಾಲೆ ಅದು, ದವಾಖಾನೆಯ ಹಿಂದೆ ಎರಡು ಕೋಣೆ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ನಾಲ್ಕೂ ಕಡೆಯ ಹುಡುಗಿಯರು ಬರುತ್ತಿದ್ದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಪಾಠ ಹೇಳುವವಳು ನಾನು. ಆ ವರ್ಷ ಮೊದಲ ಸಲ ಒಬ್ಬ ಗೌಳಿ ಹುಡುಗಿ ಸೇರಿದ್ದಳು. ಹಾನಗಲ್ಲಿನಿಂದ ಪಶ್ಚಿಮಕ್ಕೆ, ಕಾಡಿನ ಅಂಚಿನಲ್ಲಿ ಎಮ್ಮೆ ಸಾಕಿಕೊಂಡಿರುವವರ ದಡ್ಡಿ ಅವಳದು. ದಡ್ಡಿ ಅಂದರೆ ಹತ್ತಿಪ್ಪತ್ತು ಗುಡಿಸಲು, ಅಷ್ಟೇ. ನಾನೇ ಅಲ್ಲಿಗೆ ನಡೆದು ಹೋಗಿ, ಅವಳಪ್ಪನನ್ನು ಒಪ್ಪಿಸಿ ಕರೆತಂದಿದ್ದೆ. ಅದನ್ನು ಕಂಡವರಿಗೆಲ್ಲ ಹೇಳಿಕೊಂಡು ಮೆರೆದದ್ದೂ ನಾನೇ.

ನಾನು ಮಾಡಿದ ಉಪಕಾರ ಎಂಥದು ಕೇಳಿ. ಮೊದಲ ದಿನವೇ ಅವಳ ಕೊರಳಿನ ಮಣಿಸರ ತೆಗೆಸಿದೆ, ಸ್ವಚ್ಛತೆ ಅಂತ. ಉಳಿದ ಹುಡುಗಿಯರ ಕೊರಳಲ್ಲಿ ಬಂಗಾರದ ಎಳೆ ಇತ್ತು, ಲಿಂಗದಕಾಯಿ ಇತ್ತು, ಅವು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಅವಳ ಮರಾಠಿ ಬೆರೆತ ಕನ್ನಡವನ್ನು ಎಲ್ಲರೆದುರು ತಿದ್ದಿದೆ. ಅದೇ ತಾಸಿನಲ್ಲಿ, ‘ಜನರ ಪದ್ಧತಿಗೆ ಗೌರವ ಕೊಡಬೇಕು’ ಎಂದು ಹಲಗೆಯ ಮೇಲೆ ಬರೆದೆ.

ಈ ಹುಡುಗಿಯ ಮಾತು ನಂಬಿ ದಡ್ಡಿಯಿಂದ ಒಬ್ಬ ಬಸುರಿ ದವಾಖಾನೆಗೆ ಬಂದಳು. ಹಾಗೆ ಬಂದವರಲ್ಲಿ ಅವಳೇ ಮೊದಲಿನವಳು. ಹೆರಿಗೆ ಸುಸೂತ್ರವಾಯಿತು. ಆದರೆ ಬಾಣಂತಿಯ ಅತ್ತೆ ಮೆಟ್ಟಿಲ ಮೇಲೆ ಕುಳಿತವಳು ಏಳಲೊಲ್ಲಳು. ಕೂಸಿನ ಹಿಂದೆ ಬಿದ್ದ ಮಾಸು ಕೊಡಿ, ಮನೆಯ ಹತ್ತಿರ ಹುಗಿಯಬೇಕು ಎಂದು ಒಂದೇ ಹಟ. ದವಾಖಾನೆಯಲ್ಲಿ ಅದನ್ನು ಹಿಂದಿನ ತಗ್ಗಿಗೆ ಒಗೆಯುತ್ತಿದ್ದರು, ನಾಯಿಗಳು ಎಳೆದಾಡುತ್ತಿದ್ದವು. ಹೊರಗೆ ಕೊಡಬಾರದೆಂಬುದು ನಿಯಮ.

ಹುಡುಗಿ ನನ್ನ ಹತ್ತಿರ ಓಡಿ ಬಂದಳು. “ಅಕ್ಕಾರ, ಕೊಡದಿದ್ರ ನಮ್ಮ ದಡ್ಡ್ಯಾಗಿಂದ ಇನ್ನ ಯಾರೂ ಬರಂಗಿಲ್ರಿ. ಏನ್ ಮಾಡ್ಲಿ?”

“ಕೊಟ್ಟು ಕಳಸವಾ. ಹಿಂದಿನ ಬಾಗಲದಿಂದ,” ಎಂದೆ.

ಹಿರಿಯ ಸಿಸ್ಟರ್ ನೋಡಿಬಿಟ್ಟರು. ಒಂದು ತಾಸಿನೊಳಗೆ ನಾವೆಲ್ಲ ಡಾಕ್ಟರ ಕೋಣೆಯಲ್ಲಿ ನಿಂತಿದ್ದೆವು. “ಕಾಡಿನ ಮಂದೀನ ತಂದು ಕುಂಡ್ರಿಸಿದ್ರ ಇದಽ ಆಗೂದ್ರಿ,” ಎಂದರು ಸಿಸ್ಟರ್. ಡಾಕ್ಟರು ಹುಡುಗಿಯನ್ನು ಕೇಳಿದರು, “ಯಾರನ್ನ ಕೇಳಿ ಕೊಟ್ಟಿ?”

ಅವಳು ನನ್ನ ಕಡೆ ನೋಡಿದಳು. ಒಂದೇ ಸಲ. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ಮೇಜಿನ ಮೇಲಿನ ಮಸಿಬಾಟಲಿ ನೋಡುತ್ತ ನಿಂತೆ.

“ನಾನಽ ಕೊಟ್ಟೇನ್ರಿ,” ಎಂದಳು.

ಶಾಲೆಯಿಂದ ಅವಳ ಹೆಸರು ತೆಗೆದರು. ಸಂಜೆಯ ಬಸ್ಸಿಗೆ ಹಾಸಿಗೆ ಸುತ್ತಿಕೊಂಡು ಹೋದಳು. ನಾನು ಅಕ್ಕಿಆಲೂರಿನ ನಮ್ಮ ಮನೆಗೆ ಹೋದೆ. ಕುಂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ತಾಟಿನ ಮುಂದಿನಿಂದ ಎರಡು ಸಲ ಎದ್ದೆ. ಥೂ ನನ್ನ ಬಾಳ್ವೆಗೆ ಅನ್ನಿಸಿಬಿಟ್ಟಿತ್ತು. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕಡೆಗೆ ಅವಳ ಮುಂದೆ ಎಲ್ಲ ಹೇಳಿದೆ.

“ಅಯ್ಯ, ನೀ ಹುಟ್ಟಿದಾಗ ನಿನ್ನ ಮಾಸು ಇದಽ ಹಿತ್ತಲದಾಗ ಹುಗದೇವಿ,” ಎಂದಳು ಅವ್ವ. “ನಿಮ್ಮಜ್ಜಿ ನಿಂತು ಹುಗಸಿದ್ಲು. ಯಾವಾಕಿ ಬಂದು ನಮ್ಮನ್ನ ಕಾಡಿನ ಮಂದಿ ಅಂದ್ಲು? ಹೇಳೂದು ಪುರಾಣ, ತಿನ್ನೂದು ಬದನಿಕಾಯಿ ಆತಲ್ಲ ನಿಂದು!”

ಮರುದಿನ ಮೊದಲ ಬಸ್ಸು ಹಿಡಿದೆ. ನೌಕರಿ ಹೋಯಿತೆಂದೇ ಲೆಕ್ಕ ಹಾಕಿಕೊಂಡು ಡಾಕ್ಟರ ಮುಂದೆ ನಿಂತು, “ಕೊಡು ಅಂದಾಕಿ ನಾನಽ ರೀ. ಆಕೀದೇನೂ ತಪ್ಪಿಲ್ಲ,” ಎಂದೆ.

ಅವರು ಕನ್ನಡಕ ತೆಗೆದು ನಕ್ಕರು. “ನೀವಽ ಹೇಳಿದ್ರೇನು? ಮೊದಲಽ ಹೇಳಬಾರದೇನ್ರಿ? ಹಂಗಿದ್ರ ಬಿಡ್ರಿ ಆ ಮಾತು. ಹುಡುಗೀನ ಕರಸ್ರಿ.” ಅಷ್ಟೇ. ಕಾರಣ ಕೇಳಿ ಒಂದು ಚೀಟಿ ಇಲ್ಲ, ಒಂದು ಬೈಗುಳ ಇಲ್ಲ. ಅವಳು ಮಾಡಿದರೆ ಅಪರಾಧ, ನಾನು ಮಾಡಿಸಿದರೆ ಬಿಡುವಂಥ ಮಾತು. ಉಳಿದೆನಲ್ಲ ಎಂಬ ಸಮಾಧಾನದ ಬದಲು ಸಿಟ್ಟು ನೆತ್ತಿಗೇರಿತು.

ಅಂದೇ ದಡ್ಡಿಗೆ ನಡೆದೆ. ಅವಳು ಎಮ್ಮೆಗೆ ನೀರು ಕುಡಿಸುತ್ತಿದ್ದಳು, ಕೊರಳಲ್ಲಿ ಮತ್ತೆ ಮಣಿಸರ. ನಡೆದದ್ದನ್ನೆಲ್ಲ ಹೇಳಿದೆ. ಅವಳ ಮುಖದಲ್ಲಿ ಗಾಬರಿ.

“ಅಯ್ಯೋ, ನಿಮಗೇನ್ ಮಾಡಿದ್ರಿ ಅಕ್ಕಾರ?”

“ಏನೂ ಮಾಡ್ಲಿಲ್ಲವಾ.”

“ಏನೂ ಅಂದ್ರ ಏನೂ ಇಲ್ರಿ?”

“ಇಲ್ಲ.”

ಅವಳು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಹಂಗಾರ ನಿನ್ನೇನಽ ಹೇಳಬಹುದಿತ್ತಲ್ರಿ,” ಎಂದಳು.

ಸೋಮವಾರ ಬಂದಳು. ಮಣಿಸರ ಹಾಕಿಕೊಂಡೇ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ತೆಗೆ ಎನ್ನಲು ನನಗೆ ಬಾಯಿ ಬರಲಿಲ್ಲ.