ಮೊರದ ಹಿಟ್ಟಿನ ಮೇಲೆ ಬರೆದದ್ದು

ಕೊಳ್ಳೇಗಾಲ ಎಂದ ಕೂಡಲೇ ಮಾಟ ಮಂತ್ರ ಎಂದು ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮಲ್ಲಿ ರೇಷ್ಮೆ ಬೆಳೆಯುವವರಿಲ್ಲವೇ, ನೇಯುವವರಿಲ್ಲವೇ? ಆದರೆ ಸುಳ್ಳು ಯಾಕೆ ಹೇಳಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ ಅಂಥ ಮಂತ್ರವಾದಿಯೊಬ್ಬ ನಮ್ಮ ಮನೆಗೂ ಬರುವವನಿದ್ದ. ನನಗಾಗಿಯೇ ಬರುವವನಿದ್ದ. ನಾನು ಮಾತು ಬಿಟ್ಟು ಆಗ ಎರಡು ತಿಂಗಳಾಗಿತ್ತು.

ಹನೂರಿನಿಂದ ಕೌದಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಆ ಕಾಲಕ್ಕೆ ಅದೆಲ್ಲ ಮದ್ರಾಸಿಗೆ ಸೇರಿತ್ತು. ಮನೆಯಲ್ಲಿ ಅಪ್ಪ, ಗಂಡ ಸತ್ತು ತವರಿಗೆ ಬಂದಿದ್ದ ಸೋದರತ್ತೆ, ನಾನು. ಅವ್ವ ಹಾವು ಕಚ್ಚಿ ಸತ್ತಿದ್ದಳು. ರೇಷ್ಮೆಹುಳಕ್ಕೆ ಹಾಕುವ ಸೊಪ್ಪು ಬಾಡದಿರಲೆಂದು ಬುಟ್ಟಿಗೆ ತುಂಬಿ, ಒದ್ದೆ ಗೋಣಿ ಹೊದಿಸಿ ಹಿತ್ತಿಲ ಜಗುಲಿಯಲ್ಲಿ ಇಡುತ್ತಿದ್ದೆವು. ತಂಪಿಗೆ ಬಂದ ಹಾವು ಆ ಗೋಣಿಯಡಿ ಮಲಗಿತ್ತು. ಅವ್ವ ಕೈ ಹಾಕಿದಳು. ಗಾಡಿ ಹನೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಊರಿಗೆ ಗೊತ್ತಿದ್ದದ್ದು ಇಷ್ಟು. ನನಗೊಬ್ಬಳಿಗೇ ಗೊತ್ತಿದ್ದದ್ದು ಬೇರೆ ಇತ್ತು. ಅವತ್ತು ಅವ್ವ ಸೊಪ್ಪು ತಾ ಎಂದದ್ದು ನನಗೆ. ಮೊದಲು ಕೋಲಿನಿಂದ ಬುಟ್ಟಿ ತಟ್ಟಿ, ಆಮೇಲೆ ಗೋಣಿ ಎತ್ತಿ ಸೊಪ್ಪು ತರುವುದು ದಿನಾ ನನ್ನ ಕೆಲಸ. ನಾನೊಬ್ಬಳೇ ಅಳಗುಳಿಮಣೆಯ ಮುಂದೆ ಕೂತು, ಎಡಗೈಗೂ ಬಲಗೈಗೂ ಪಂದ್ಯ ಕಟ್ಟಿ ಸೋಲುತ್ತಿದ್ದೆ. ಆ ಸಿಟ್ಟನ್ನು ಅವ್ವನ ಮೇಲೆ ತೀರಿಸಿದೆ. "ನೀನೇ ತಕ್ಕೋ ಓಗು, ನಿಂಗೇನು ಕೈಯಿಲ್ವಾ?" ಎಂದೆ.

ಬಾಯಿಬಡುಕಿ ಎಂದು ಊರೆಲ್ಲ ಹೆಸರಾಗಿದ್ದವಳು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು. ಈ ಬಾಯಿ ತೆರೆದರೆ ಇನ್ಯಾರು ಸಾಯುತ್ತಾರೋ ಎಂಬ ಭಯ ನನಗೆ. ಹಲ್ಲು ಕಚ್ಚಿಕೊಂಡೇ ಇದ್ದೆ.

ಅತ್ತೆಗೆ ಅದು ಬೇರೆ ಥರ ಕಂಡಿತು. "ಇವ್ಳ ಮೈಮ್ಯಾಲೆ ಅವ್ರವ್ವನೇ ಬಂದವ್ಳೆ ಕಣ್ಲಾ. ಮೆಣಸಿನಕಾಯಿ ಒಗೆ ಕೊಟ್ಟು, ಬೇವಿನ ಸೊಪ್ಪಲ್ಲಿ ನಾಕು ಬಿಟ್ರೆ ಬುಟ್ಟು ಓಯ್ತಾಳೆ" ಎಂದು ಅಪ್ಪನಿಗೆ ಹೇಳಿದಳು. ಪಕ್ಕದೂರಿನಲ್ಲಿ ಹಾಗೆ ಹೊಗೆ ಕುಡಿಸಿದ ಹುಡುಗಿಯೊಬ್ಬಳ ಕಣ್ಣು ಆಮೇಲೆ ನೆಟ್ಟಗಾಗಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಆ ಸುಮ್ಮನಿರುವಿಕೆಗೆ ನಾನು ಇವತ್ತಿಗೂ ಅವನನ್ನು ಪೂರ್ತಿ ಕ್ಷಮಿಸಿಲ್ಲ.

ಅಡ್ಡ ನಿಂತವಳು ಯಳಂದೂರಿನ ಅಜ್ಜಿ, ಅವ್ವನ ಅವ್ವ. ಮಗಳ ತಿಥಿಗೆಂದು ಬಂದವಳು ನನ್ನನ್ನು ಬಿಟ್ಟು ಹೋಗಲಾರದೆ ಉಳಿದಿದ್ದಳು. ಅವಳು ಅತ್ತೆಯ ಜೊತೆ ಜಗಳ ಮಾಡಲಿಲ್ಲ, ಹುಳದ ಮನೆಯತ್ತ ಕೈ ತೋರಿಸಿದಳು. "ಉಳ ನಾಕ್ನೇ ಜ್ವರ ಎದ್ದವೆ ಕಣವ್ವ. ಒಗ್ಗರಣೆ ಗಾಟೂ ಕೂಡದು ಅಂತೀವಿ, ಮೆಣಸಿನಕಾಯಿ ಒಗೆ ಆಕುದ್ರೆ ಬೆಳೆ ಉಳಿದದಾ? ಅವು ಅಣ್ಣಾಗಿ ಚಂದ್ರಿಕೆ ಅತ್ಲಿ, ಆಮೇಕೆ ನೋಡವ."

ಬೆಳೆ ಎಂದರೆ ಅತ್ತೆಯ ಬಾಯಿ ಕಟ್ಟಿತು. ಹುಳ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ವಾರ, ಎಂಟು ದಿನ ಮೇಯುತ್ತದೆ. ಆಮೇಲೆ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರುತ್ತದೆ. ನನಗೆ ಸಿಕ್ಕಿದ್ದು ಆ ಒಂದು ವಾರ. ಹುಳ ಕರಕರ ಎಂದು ಸೊಪ್ಪು ತಿನ್ನುವ ಸದ್ದು ಕೇಳಿದಾಗೆಲ್ಲ ಮೆಲ್ಲಗೆ ತಿನ್ನಿರೋ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ.

ಮಾರನೇ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಇಡಲು ಕೂತೆ. ಯಾಕೆ ಕೂತೆನೋ, ಕೈ ಕೇಳುತ್ತಿತ್ತು. "ಸಾವಾದ ಮನೆ ಮುಂದೆ ರಂಗೋಲಿ ಇಡ್ತೀಯಾ, ಮೂದೇವಿ!" ಎಂದು ಅತ್ತೆ ಅದರ ಮೇಲೆ ಸಗಣಿನೀರು ಎರಚಿದಳು. ಅಜ್ಜಿ ನನ್ನನ್ನು ಎಬ್ಬಿಸಿ ಒಳಗೆ ಕರೆದೊಯ್ದಳು. ಬೀಸಿಟ್ಟಿದ್ದ ರಾಗಿ ಹಿಟ್ಟನ್ನು ದೊಡ್ಡ ಮೊರದ ತುಂಬ ಹರಡಿ, ಅಂಗೈಯಲ್ಲಿ ಸವರಿ ಸಮ ಮಾಡಿ ನನ್ನ ಮುಂದಿಟ್ಟಳು. "ಇಲ್ಲಿಟ್ಕ. ಯಾರೂ ಅಳ್ಸಲ್ಲ" ಎಂದಳು.

ಬೆರಳಲ್ಲಿ ಗೀರಿದೆ. ಮೊದಲ ದಿನ ಬರೀ ಸುತ್ತು, ಚಂದ್ರಿಕೆಯ ಹಾಗೆ ಒಳಗೊಳಗೇ ಸುತ್ತುವ ಗೆರೆ. ಮೊರ ಅಲ್ಲಾಡಿಸಿದರೆ ಎಲ್ಲ ಅಳಿಸಿಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಅಜ್ಜಿ ಏನೆಂದು ಕೇಳಲಿಲ್ಲ. ಕೇಳಿದ್ದರೆ ಮೊರ ಮಗುಚಿ ಎದ್ದುಬಿಡುತ್ತಿದ್ದೆ. "ಉಣ್ಣೋ ಇಟ್ಟಲ್ಲಿ ಆಟವಾ?" ಎಂದು ಅತ್ತೆ ಗೊಣಗಿದರೆ, "ಸಂಜೆ ಮುದ್ದೆ ಮಾಡ್ತೀನಿ ಬುಡವ್ವ" ಎನ್ನುತ್ತಿದ್ದಳು.

ಮೂರನೇ ದಿನ ಅವಳೇ ಮೊರ ಎಳೆದುಕೊಂಡಳು. ಒಂದು ಬಾವಿ, ಒಂದು ಬಾಗಿಲು, ಒಂಟಿ ಜಡೆಯ ಪುಟ್ಟ ಹುಡುಗಿ. "ನಿಮ್ಮವ್ವ ಕಣ್ಮಗ, ಯಳಂದೂರಲ್ಲಿ" ಎಂದು ಜಡೆಯನ್ನು ಇನ್ನಷ್ಟು ಉದ್ದ ಮಾಡಿದಳು. ಕಣ್ಣೀರು ಹಿಟ್ಟಿನ ಮೇಲೆ ಬಿದ್ದು ಗುಳಿಯಾಯಿತು. ತಿಥಿಯ ದಿನವೂ ಅಳದಿದ್ದ ಮುದುಕಿ ಅವತ್ತು ಮೊರದ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಚಿತ್ರ ಬರೆಸಿ ಮನಸ್ಸಿನ ನೋವು ಇಳಿಸುವ ವಿದ್ಯೆಯೇ ಈಗ ಇದೆ ಎಂದು ಮೊನ್ನೆ ಮೊಮ್ಮಗಳು ಹೇಳಿದಳು. ಇರಲಿ, ಒಳ್ಳೆಯದೇ. ನಮ್ಮಜ್ಜಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ.

ನಾನು ಮಾತ್ರ ಬುಟ್ಟಿಯ ಅಂಚು ಬರೆಯುವುದು, ಅಲ್ಲಾಡಿಸಿ ಅಳಿಸುವುದು, ಇಷ್ಟೇ ಮಾಡುತ್ತಿದ್ದೆ. ಹೆತ್ತ ಮಗಳನ್ನು ಕೊಂದವಳು ನಾನು ಎಂದು ಹೆತ್ತವಳಿಗೇ ಹೇಗೆ ಹೇಳಲಿ? ಅವಳೂ ಬಿಟ್ಟುಹೋದರೆ ನನಗೆ ಇನ್ಯಾರಿದ್ದರು?

ಹುಳ ಹಣ್ಣಾಗತೊಡಗಿತು. ಅಜ್ಜಿ ದಿನಕ್ಕೊಂದು ನೆಪ ಹೇಳಿ ಎರಡು ದಿನ ತಳ್ಳಿದಳು. ಒಂದು ತಟ್ಟೆಯಷ್ಟು ಹುಳ ಮಾತ್ರ ಮೇಯುತ್ತ ಉಳಿದಾಗ ಅತ್ತೆ, "ಆ ಉಳ ಸತ್ರೆ ಸಾಯ್ಲಿ, ಇವತ್ತು ಅಮಾಸೆ" ಎಂದು ಮಂತ್ರವಾದಿಗೆ ಹೇಳಿಕಳಿಸಿಯೇ ಬಿಟ್ಟಳು.

ಇನ್ನು ಹೇಳದೆ ವಿಧಿಯಿಲ್ಲ ಎನ್ನಿಸಿತು. ಮೊರ ತೆಗೆದುಕೊಂಡೆ. ಮಣೆಯ ಮುಂದೆ ಕೂತ ಒಬ್ಬಳು. ಅವಳಿಗೆ ದೊಡ್ಡ ಬಾಯಿ, ಚಾಚಿದ ಕೈ. ಆ ಕೈ ತೋರಿಸಿದ ಕಡೆಗೆ ನಡೆಯುತ್ತಿರುವ ಹೆಂಗಸು. ಬುಟ್ಟಿ, ಗೋಣಿ, ಗೋಣಿಯಡಿ ಸೊಟ್ಟ ಗೆರೆ. ಬೆರಳನ್ನು ದೊಡ್ಡ ಬಾಯಿಯ ಮೇಲಿಟ್ಟು, ನನ್ನ ಎದೆ ಮುಟ್ಟಿಕೊಂಡು ಅಜ್ಜಿಯ ಕಡೆ ನೋಡಿದೆ. ಅಜ್ಜಿಯ ಮುಖ ಕಲ್ಲಾಯಿತು. ಎದ್ದು ಹುಳದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮಂತ್ರವಾದಿ ಬಂದು ಹಿತ್ತಿಲಲ್ಲಿ ಕೂತ. ಅತ್ತೆ ನನ್ನ ರಟ್ಟೆ ಹಿಡಿದು ಎಳೆತಂದು ಕೆಂಡದ ಮುಂದೆ ಕೂರಿಸಿದಳು. ನಾನು ಕೊಸರಾಡಲಿಲ್ಲ. ಕಣ್ಣು ಹೋದರೆ ಹೋಗಲಿ, ಮಾಡಿದ್ದಕ್ಕೆ ಸರಿಯಾಯಿತು ಎನ್ನಿಸಿತು. ಅವನು ಒಣ ಮೆಣಸಿನಕಾಯಿ ಮುಷ್ಟಿಗೆ ತೆಗೆದುಕೊಂಡ.

ಆಗ ಹುಳದ ಮನೆಯ ಬಾಗಿಲು ತೆರೆಯಿತು. ಅಜ್ಜಿಯ ಕಣ್ಣು ಕೆಂಪಾಗಿತ್ತು. "ತಡ್ಕಳಿ. ಉಳಕ್ಕೆ ಸೊಪ್ಪು ಆಕ್ಬೇಕು" ಎಂದು ಜಗುಲಿಗೆ ನಡೆದಳು. ಕೋಲು ಪಕ್ಕದಲ್ಲೇ ಒರಗಿತ್ತು. ಅವಳು ಅದನ್ನು ಮುಟ್ಟಲಿಲ್ಲ. ನನ್ನನ್ನೇ ನೋಡುತ್ತ ಬಗ್ಗಿ, ಗೋಣಿಯಡಿಗೆ ಬರಿಗೈ ಒಯ್ದಳು.

"ಬ್ಯಾಡ ಅಜ್ಜೀ! ಕೈ ಆಕ್ಬ್ಯಾಡ! ಕೋಲಲ್ಲಿ ತಟ್ಟು!"

ಯಾರು ಕಿರುಚಿದ್ದೆಂದು ನನಗೇ ತಿಳಿಯಲಿಲ್ಲ. ಅತ್ತೆಯ ಕೈಯಿಂದ ಬಿಡಿಸಿಕೊಂಡು ಓಡಿ, ಕೋಲೆತ್ತಿ ಬುಟ್ಟಿಯನ್ನು ಬಡಿದೆ, ಬಡಿದೆ. ಗೋಣಿ ಹಾರಿತು, ಸೊಪ್ಪು ಚೂರಾಯಿತು. ಬೇರೇನೂ ಇರಲಿಲ್ಲ. "ನೋಡುದ್ರಾ, ಕೆಂಡ ಕಂಡೇ ಓಡೋಯ್ತು" ಎಂದು ಆ ಮಹಾನುಭಾವ ಪೂಜೆಗಿಟ್ಟಿದ್ದ ತೆಂಗಿನಕಾಯಿ ಹೊತ್ತುಕೊಂಡು ಹೋದ. ಅತ್ತೆ ಸಾಯುವವರೆಗೂ ಅದನ್ನೇ ನಂಬಿದ್ದಳು.

ಸಂಜೆ ಎಸರು ಕುದಿಯುತ್ತಿತ್ತು. ಅಜ್ಜಿ ನಾನು ಬರೆದಿದ್ದ ಮೊರವನ್ನು ಅಳಿಸದೆ ಹಾಗೇ ತಂದಿಟ್ಟುಕೊಂಡಳು. "ಸಿಟ್ಟು ಬಂತು ಕಣ್ಮಗ. ನಿನ್ ಮಕ ನೋಡ್ಬಾರ್ದು ಅನ್ನುಸ್ತು. ಉಳದ ಮನೇಲಿ ಕುಂತ್ಕಂಡು ಅತ್ಕಂಡೆ" ಎಂದಳು. ನಾನು ತಲೆ ತಗ್ಗಿಸಿದೆ.

"ಆಮೇಕೆ ಗ್ಯಾಪ್ಕ ಬಂತು. ಅವ್ಳು ನಿನ್ನಷ್ಟಿದ್ದಾಗ ಒಟ್ಟಿಲಿಂದ ಸೌದೆ ತತ್ತಾ ಅಂದ್ರೆ, ನೀನೇ ತಕ್ಕೋ ಓಗವ್ವ ಅಂತಿದ್ಲು. ದಿನಾ ಅಂತಿದ್ಲು. ನಾನೇ ಓಗಿ ತರ್ತಿದ್ದೆ. ನನ್ ಪುಣ್ಯ, ಅಲ್ಲಿ ಬರೀ ಸೌದೆ ಇತ್ತು. ಅವ್ಳ ಗಾಚಾರ, ಆವು ಇತ್ತು. ನೀವಿಬ್ರು ಆಡಿದ್ದೂ ಒಂದೇ ಮಾತು ಕಣ್ಮಗ."

ಅಷ್ಟು ಹೇಳಿ ಮೊರವನ್ನು ಎಸರಿಗೆ ಬಗ್ಗಿಸಿದಳು. ಬುಟ್ಟಿ, ಹಾವು, ದೊಡ್ಡ ಬಾಯಿ, ಅವ್ವ, ಎಲ್ಲ ಹಿಟ್ಟಿನ ಜೊತೆ ಜಾರಿ ನೀರಿಗೆ ಬಿದ್ದವು. ಅಜ್ಜಿ ಕೋಲು ಹಾಕಿ ತಿರುವಿದಳು. ಎಷ್ಟು ಮುದ್ದೆ ಬೇಕು ಎಂದು ಕೇಳಿದಳು.

"ಎರಡು" ಎಂದೆ.